ಉಬ್ಬರದ ಗೆರೆಯಿಂದ ಐವತ್ತು ಗಜ

ಕಾರವಾರದ ಠಾಗೋರ್ ಕಡಲತೀರದಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಬೈತಖೋಲ ಬಂದರು ಕಣ್ಣಳತೆಯಲ್ಲೇ ಇದೆ. ಈಚೆಗೆ ಮರಳಿನ ಮೇಲೆ ದೋಣಿಗಳನ್ನು ಎಳೆದಿಟ್ಟಿರುತ್ತಾರೆ, ಬಲೆ ಹರಡಿರುತ್ತಾರೆ. ಬಂದರು ಎಲ್ಲಿ ಮುಗಿಯಿತು, ಊರಿನ ದಂಡೆ ಎಲ್ಲಿ ಶುರುವಾಯಿತು ಎಂದು ಮರಳು ಹೇಳುವುದಿಲ್ಲ. ಆ ಗೆರೆ ಇರುವುದು ಗೆಜೆಟ್‌ನಲ್ಲಿ.

ಅದನ್ನು ಎಳೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟದ್ದು 1908ರ ಭಾರತೀಯ ಬಂದರುಗಳ ಕಾಯ್ದೆ. ಅಧಿಸೂಚನೆ ಹೊರಡಿಸಿ ಬಂದರಿನ ಮಿತಿಯನ್ನು ಗೊತ್ತುಮಾಡಬಹುದಿತ್ತು, ಬೇಕೆಂದಾಗ ಹಿಗ್ಗಿಸಬಹುದಿತ್ತು, ಕುಗ್ಗಿಸಬಹುದಿತ್ತು. ನೀರಷ್ಟೇ ಅಲ್ಲ, ದಂಡೆಯೂ ಮಿತಿಯೊಳಗೆ ಬರಬಹುದಿತ್ತು: ಉಬ್ಬರದ ನೀರು ಏರುವ ಗೆರೆಯಿಂದ ಐವತ್ತು ಗಜದವರೆಗೆ, ಖಾಸಗಿ ಆಸ್ತಿಯ ಹಕ್ಕಿಗೆ ಧಕ್ಕೆಯಾಗದಂತೆ. ಐವತ್ತು ಗಜವೆಂದರೆ ಸುಮಾರು 45 ಮೀಟರ್. ಹಡಗಿನವರ ಲೆಕ್ಕದಲ್ಲಿ ಅದು ಏನೂ ಅಲ್ಲ. ದೋಣಿ ಎಳೆದಿಡುವವರಿಗೂ ಮೀನು ಒಣಗಿಸುವ ಹೆಂಗಸರಿಗೂ ಬೇಕಾದದ್ದು ಸರಿಯಾಗಿ ಅಷ್ಟೇ ಜಾಗ. ತಲೆಮಾರುಗಳಿಂದ ಬಳಸಿದ ಮರಳಿಗೆ ಪಹಣಿ ಎಲ್ಲಿಂದ ಬರಬೇಕು? ಖಾಸಗಿ ಆಸ್ತಿಗೆ ಕಾಯ್ದೆ ಕೊಟ್ಟ ಆ ರಕ್ಷಣೆ ಅವರ ಕೈಗೆ ಸಿಗುವಂಥದ್ದಾಗಿರಲಿಲ್ಲ.

ಕಾರವಾರದ ಮೇಲೆ ಸರ್ಕಾರದ ಕಣ್ಣು ಬಿದ್ದದ್ದು ಆ ಕಾಯ್ದೆಗೂ ಮೊದಲೇ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆ ಹತ್ತಿಯಿತ್ತು. ಅಮೆರಿಕದ ಅಂತರ್ಯುದ್ಧದಿಂದ ಮ್ಯಾಂಚೆಸ್ಟರಿನ ಗಿರಣಿಗಳು ಹತ್ತಿಗೆ ಪರದಾಡುತ್ತಿದ್ದವು. ಧಾರವಾಡ ಸೀಮೆಯ ಹತ್ತಿ ಆವರೆಗೆ ಕುಮಟಾದಲ್ಲಿ ಹಡಗೇರುತ್ತಿತ್ತು. ಅದಕ್ಕಿಂತ ಆಳದ, ಗಾಳಿಮಳೆಗೆ ಮರೆಯಿರುವ ಬಂದರು ಬೇಕಾಗಿತ್ತು. 1864ರಲ್ಲಿ ಕಾರವಾರದ ಎದುರಿನ ದೇವಗಡ ದ್ವೀಪದ ಮೇಲೆ ದೀಪಸ್ತಂಭವೂ ಎದ್ದಿತು. ರೈಲು ಮಾತ್ರ ಬರಲಿಲ್ಲ. 1880ರ ದಶಕದಲ್ಲಿ ಹಳಿ ಪೋರ್ಚುಗೀಸರ ಮುರ್ಮಗೋವಾಕ್ಕೆ ಇಳಿಯಿತು. ಕಾರವಾರ ದೀಪ ಹಚ್ಚಿಟ್ಟುಕೊಂಡು ಕಾಯುತ್ತ ಕುಳಿತಿತು.

1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಸ್ವತಂತ್ರ ಭಾರತದ ಲೆಕ್ಕದಲ್ಲಿ ಬಂದರುಗಳಿಗೆ ಎರಡೇ ಜಾತಿ: ಕೇಂದ್ರ ಘೋಷಿಸಿದ್ದು ಪ್ರಮುಖ ಬಂದರು, ಉಳಿದವೆಲ್ಲ ರಾಜ್ಯದ ಕೈಯಲ್ಲಿರುವ ಕಿರು ಬಂದರು. ಪ್ರಮುಖ ಬಂದರಿನ ಪಟ್ಟ 1974ರಲ್ಲಿ ನವ ಮಂಗಳೂರಿಗೆ ದಕ್ಕಿತು. ಮಳೆಗಾಲದಲ್ಲೂ ಹಡಗು ನಿಲ್ಲಬಲ್ಲ ಕಾರವಾರ ಬೇಲೆಕೇರಿ, ತದಡಿ, ಹೊನ್ನಾವರ, ಭಟ್ಕಳಗಳ ಸಾಲಿನಲ್ಲೇ ಉಳಿಯಿತು. ‘ಕಿರು’ ಎನ್ನುವುದು ಇಲ್ಲಿ ಗಾತ್ರಕ್ಕಿಂತ ಯಜಮಾನಿಕೆಯ ಮಾತು. ಆ ಯಜಮಾನಿಕೆ ಎಷ್ಟು ಸಡಿಲ ಎನ್ನುವುದು 2010ರಲ್ಲಿ ಬೇಲೆಕೇರಿಯಲ್ಲಿ ಬಯಲಾಯಿತು: ಸರ್ಕಾರವೇ ಜಪ್ತಿ ಮಾಡಿದ್ದ ಅದಿರು ಬಂದರಿನಿಂದಲೇ ಹಡಗೇರಿ ಹೋಗಿತ್ತು.

ಈ ನಡುವೆ ಇನ್ನೊಬ್ಬ ಯಜಮಾನ ಬಂದಿದ್ದ. 1986ರಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ ಸೀಬರ್ಡ್ ನೌಕಾನೆಲೆಗೆ ಸುಮಾರು 11 ಸಾವಿರ ಎಕರೆ ಹೋಯಿತು. ಸಾವಿರಾರು ಕುಟುಂಬಗಳು ಮನೆ ಬಿಟ್ಟವು, ಊರಿನ ದಕ್ಷಿಣದ ದಂಡೆಗಳು ಮೀನುಗಾರರ ಕೈತಪ್ಪಿದವು. 2020ರ ಜನವರಿಯಲ್ಲಿ, ಬಂದರುಗಳನ್ನು ಬೆಳೆಸುವ ಕೇಂದ್ರದ ಸಾಗರಮಾಲಾ ಯೋಜನೆಯಡಿ, ಠಾಗೋರ್ ತೀರದ ಕಡೆ ಅಲೆತಡೆಗೋಡೆಯ ಕೆಲಸ ಶುರುವಾದಾಗ ಜನ ಬೀದಿಗಿಳಿದದ್ದನ್ನು ಈ ನೆನಪು ಬಿಟ್ಟು ಅರ್ಥಮಾಡಿಕೊಳ್ಳಲಾಗದು. ಅಭಿವೃದ್ಧಿಯ ವಿರೋಧಿಗಳು ಎಂದು ಅವರನ್ನು ಕರೆದವರಿದ್ದರು. ಉಳಿದಿದ್ದ ಒಂದೇ ದಂಡೆಯ ಮಾತು ಅದಾಗಿತ್ತು. ಹೈಕೋರ್ಟ್ ಕಾಮಗಾರಿಗೆ ತಡೆ ಕೊಟ್ಟಿತು.

2025ರಲ್ಲಿ ಸಂಸತ್ತು 1908ರ ಕಾಯ್ದೆಯ ಜಾಗಕ್ಕೆ ಹೊಸ ಬಂದರು ಕಾಯ್ದೆಯನ್ನು ತಂದಿತು. ಕಿರು ಬಂದರುಗಳನ್ನು ನೋಡಿಕೊಳ್ಳುವ ರಾಜ್ಯಗಳ ಜಲಸಾರಿಗೆ ಮಂಡಳಿಗಳಿಗೆ ಅದರಲ್ಲಿ ಶಾಸನದ ಬಲ ಸಿಕ್ಕಿದೆ. ಅದೇ ವರ್ಷ ಅಂಕೋಲೆಯ ಕೇಣಿಯಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ಹೋರಾಟಕ್ಕಿಳಿದಿದ್ದರು. ಅಲ್ಲಿಯೂ ಜಗಳ ದೋಣಿ ಎಳೆದಿಡುವ ಮರಳಿನದೇ.