ಸಿಫ್ಟ್: ಸಾಣಿಗೆ ಹಿಡಿಯುವ ಕ್ರಿಯಾಪದ

ಧಾರವಾಡದ ರೂಮುಗಳಲ್ಲಿ ಕೂತು ಪರೀಕ್ಷೆಗೆ ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ಹೋದ ತಿಂಗಳು ಒಂದು ಅಭ್ಯಾಸ ಪರೀಕ್ಷೆಯಲ್ಲಿ ‘ಸಿಫ್ಟೆಡ್ ಥ್ರೂ ದಿ ರೆಕಾರ್ಡ್ಸ್’ ಅಂತ ಬಂದಿತ್ತು. ನಾನು ಅದನ್ನು ‘ಶಿಫ್ಟೆಡ್’ ಎಂದು ಓದಿಕೊಂಡೆ. ದಾಖಲೆಗಳನ್ನು ಬೇರೆ ಕಡೆ ಸಾಗಿಸಿದರು ಎಂಬ ಉತ್ತರಕ್ಕೆ ಗುರುತು ಹಾಕಿದೆ, ಅಂಕ ಹೋಯಿತು. ಮನೆ ಶಿಫ್ಟ್, ನೈಟ್ ಶಿಫ್ಟ್ ಅಂತ ದಿನಾ ಆಡುವ ಮಾತಲ್ವಾ, ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ. ಎಸ್ ಆದ ಮೇಲೆ ಎಚ್ ಇದೆಯಾ ನೋಡಿ. ಇಲ್ಲದಿದ್ದರೆ ಅದು ಸಿಫ್ಟ್.

ಸಿಫ್ಟ್ ಅಂದರೆ ಜರಡಿ ಹಿಡಿ. ನಮ್ಮ ಕಡೆಯ ಮಾತಿನಲ್ಲಿ ಸಾಣಿಗೆ ಹಿಡಿ. ಸಾಣಿಗೆಗೆ ಇಂಗ್ಲಿಷ್‌ನಲ್ಲಿ ಎಸ್-ಐ-ಇ-ವಿ-ಇ ಎಂದು ಬರೆಯುತ್ತಾರೆ. ಅದನ್ನು ‘ಸೀವ್’ ಅನ್ನಬೇಡಿ, ‘ಸಿವ್’ ಅನ್ನಿ. ಸಿಫ್ಟ್ ಮತ್ತು ಸಿವ್ ಎರಡೂ ಹಳೆಯ ಇಂಗ್ಲಿಷಿನ ಒಂದೇ ಬಳಗದವು.

ಗದಗಿನ ಹತ್ತಿರದ ನಮ್ಮೂರಿಗೆ ಹೋದಾಗ ಅವ್ವ ಜೋಳದ ಹಿಟ್ಟು ಸಾಣಿಗೆ ಹಿಡಿಯುತ್ತಿದ್ದಳು. ನಾನು ಕೈ ಹಾಕಿದೆ. “ಸಾಣಿಗಿ ತುಂಬ ಹಾಕಬ್ಯಾಡ, ಆಡಾಕ ಜಾಗ ಬಿಡು” ಅಂದಳು. ಅಂಚಿಗೆ ಅಂಗೈಯಿಂದ ಮೆಲ್ಲಗೆ ತಟ್ಟಿದರೆ ನುಣ್ಣನೆಯ ಹಿಟ್ಟು ಪರಾತಕ್ಕೆ ಉದುರುತ್ತದೆ. ತರಿ, ತೌಡು ಮೇಲೆ ಉಳಿಯುತ್ತವೆ. ಉಳಿದದ್ದರಲ್ಲಿ ಅವ್ವ ಬೆರಳಾಡಿಸಿ ಒಂದು ಸಣ್ಣ ಹರಳು ಹುಡುಕಿ ತೆಗೆದಳು. ಈ ಪದದ ಬಳಕೆಗಳೆಲ್ಲ ನನಗೆ ಅಲ್ಲೇ ಸಿಕ್ಕವು.

ಸಾಣಿಗೆಗೆ ಸುರಿದ ಇಡೀ ಹಿಟ್ಟಿನ ಬಗ್ಗೆ ಹೇಳುವಾಗ ಬರೀ ‘ಸಿಫ್ಟ್’ ಸಾಕು, ಮುಂದೆ ಏನೂ ಬೇಡ. ಹರಳನ್ನು ಬೇರೆ ಮಾಡಿದ್ದಕ್ಕೆ ‘ಸಿಫ್ಟ್ ಔಟ್’. ಯಾವುದರಿಂದ ಯಾವುದನ್ನು ಬೇರೆ ಮಾಡಿದೆವು ಎಂದು ಹೇಳಲು ನಡುವೆ ‘ಫ್ರಮ್’ ಬರಬೇಕು: ‘ಸಿಫ್ಟ್ ಫ್ಯಾಕ್ಟ್ ಫ್ರಮ್ ರೂಮರ್’, ಅಂದರೆ ಗಾಳಿಸುದ್ದಿಯಿಂದ ನಿಜವನ್ನು ಬೇರ್ಪಡಿಸು. ಇನ್ನು ಬೆರಳಾಡಿಸಿ ಹುಡುಕಿದಳಲ್ಲ, ಅದು ‘ಸಿಫ್ಟ್ ಥ್ರೂ’. ಪೊಲೀಸರು ಕಡತಗಳಲ್ಲಿ ಸುಳಿವು ಹುಡುಕುವುದು, ಕಟ್ಟಡ ಕುಸಿದಾಗ ಅವಶೇಷಗಳಲ್ಲಿ ಹುಡುಕುವುದು, ಎಲ್ಲದಕ್ಕೂ ಪತ್ರಿಕೆಗಳು ಇದನ್ನೇ ಬರೆಯುತ್ತವೆ. ಪರೀಕ್ಷೆಯಲ್ಲೂ ಜಾಸ್ತಿ ಕಾಣುವುದು ಇದೇ. ಇಲ್ಲಿ ‘ಥ್ರೂ’ ಬಿಟ್ಟು ‘ಸಿಫ್ಟ್ ದಿ ಎವಿಡೆನ್ಸ್’ ಅಂದರೂ ತಪ್ಪಲ್ಲ. ಸಾಕ್ಷ್ಯವನ್ನು ಒಂದೊಂದಾಗಿ ಪರಿಶೀಲಿಸು ಎಂದಾಗುತ್ತದೆ.

ಅಡುಗೆ ಬರಹಗಳಲ್ಲಿ ಒಂದು ಸೂಕ್ಷ್ಮ ಇದೆ. ಅದು ನನಗೆ ತುಂಬಾ ಇಷ್ಟ. ‘ಟು ಕಪ್ಸ್ ಸಿಫ್ಟೆಡ್ ಫ್ಲವರ್’ ಅಂದರೆ ಮೊದಲು ಸಾಣಿಗೆ ಹಿಡಿದು ಆಮೇಲೆ ಎರಡು ಕಪ್ ಅಳೆಯಬೇಕು. ‘ಟು ಕಪ್ಸ್ ಫ್ಲವರ್, ಸಿಫ್ಟೆಡ್’ ಅಂದರೆ ಮೊದಲು ಅಳೆದು ಆಮೇಲೆ ಸಾಣಿಗೆ ಹಿಡಿಯಬೇಕು. ಸಾಣಿಗೆ ಹಿಡಿದ ಹಿಟ್ಟಿನಲ್ಲಿ ಗಾಳಿ ಸೇರಿ ಸಡಿಲವಾಗುತ್ತದೆ. ಹಾಗಾಗಿ ಅದೇ ಕಪ್ಪಿನಲ್ಲಿ ಹಿಡಿಯುವ ಹಿಟ್ಟು ಕಡಿಮೆ. ಪದದ ಜಾಗ ಬದಲಾದರೆ ತೂಕವೇ ಬದಲಾಗುತ್ತದೆ! ಅಂದ ಹಾಗೆ, ಹಿಟ್ಟಿಗೂ ಹೂವಿಗೂ ಇಂಗ್ಲಿಷ್‌ನಲ್ಲಿ ಉಚ್ಚಾರ ಒಂದೇ, ಸ್ಪೆಲ್ಲಿಂಗ್ ಮಾತ್ರ ಬೇರೆ.

ಎಲ್ಲ ಬೇರ್ಪಡಿಸುವಿಕೆಗೂ ಸಿಫ್ಟ್ ಹಾಕಬೇಡಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯನ್ನು ಬಣ್ಣ ನೋಡಿ ಬೇರೆ ಬೇರೆ ಗುಂಪು ಮಾಡಿದರೆ ಅದು ‘ಸಾರ್ಟ್’. ಕಣದಲ್ಲಿ ಗಾಳಿಗೆ ತೂರುವುದು ‘ವಿನ್ನೋ’. ಆ ಪದ ಹುಟ್ಟಿದ್ದೇ ಗಾಳಿ ಎಂಬ ಅರ್ಥದ ‘ವಿಂಡ್’ನಿಂದ. ಗಾಳಿ ಬಂದಾಗ ತೂರಿಕೋ ಅಂತೀವಲ್ಲ, ಅದನ್ನು ನೆನೆದರೆ ವಿನ್ನೋ ಮರೆಯುವುದಿಲ್ಲ. ಉದ್ದ ಪಟ್ಟಿಯಲ್ಲಿ ಬೇಡದ ಹೆಸರು ತೆಗೆಯುತ್ತಾ ಚಿಕ್ಕದು ಮಾಡುವುದಕ್ಕೂ ‘ವಿನ್ನೋ ಡೌನ್’ ಅನ್ನುತ್ತಾರೆ.

ಇವತ್ತು ಈ ಎರಡು ವಾಕ್ಯಗಳನ್ನು ಇಂಗ್ಲಿಷ್‌ನಲ್ಲಿ ಬರೆದು ನೋಡಿ: ‘ಅವಳು ಹಿಟ್ಟಿನಿಂದ ತೌಡು ಬೇರೆ ಮಾಡಿದಳು.’ ‘ಅವಳು ಹಳೆಯ ಪತ್ರಗಳಲ್ಲಿ ರಸೀದಿ ಹುಡುಕಿದಳು.’ ಮೊದಲನೆಯದಕ್ಕೆ ‘ಫ್ರಮ್’, ಎರಡನೆಯದಕ್ಕೆ ‘ಥ್ರೂ’.