ಪದ ಪರಿಚಯ: ಕಿಲೋವ್ಯಾಟ್ ಬೇರೆ, ಯೂನಿಟ್ ಬೇರೆ

ಬೇಸಿಗೆಯಲ್ಲಿ ಆಳಂದ ಕಡೆಯಿಂದ ನಮ್ಮ ಕಾಕಾ ಕಲಬುರಗಿಗೆ ಬಂದಿದ್ದರು. ಅಂಗಳದಲ್ಲಿ ಕಾರು ಚಾರ್ಜಿಗೆ ಹಾಕಿದ್ದನ್ನು ನೋಡಿ ಅವರು ಕೇಳಿದ ಮೊದಲ ಮಾತು: "ಇದು ಎಷ್ಟು ಎಚ್‌ಪಿ ಎಳೀತದೋ ತಮ್ಮಾ?"

ಬಂದವರೆಲ್ಲ ಕಾರು ಎಷ್ಟು ಕಿಲೋಮೀಟರ್ ಓಡ್ತದ, ಎಷ್ಟಕ್ಕೆ ಬಿತ್ತು ಎಂದು ಕೇಳುತ್ತಾರೆ. ಬೋರಿನ ಮೋಟರ್ ಕಟ್ಟಿಕೊಂಡು ಬದುಕಿದ ಕಾಕಾ ಮಾತ್ರ ಸರಿಯಾದ ಜಾಗಕ್ಕೇ ಕೈ ಹಾಕಿದರು.

1 ಎಚ್‌ಪಿ, ಅಂದರೆ 1 ಅಶ್ವಶಕ್ತಿ, 746 ವ್ಯಾಟ್. ಮನೆಯ ದೊಡ್ಡ ಸಾಕೆಟ್, ಅಂದರೆ ನಾವು 15 ಆಂಪ್ಸ್ ಪಾಯಿಂಟ್ ಅನ್ನುವುದರಿಂದ, ಕಾರು ಹೆಚ್ಚೆಂದರೆ 3.3 ಕಿಲೋವ್ಯಾಟ್ ಆಸುಪಾಸು ಎಳೆಯುತ್ತದೆ. ಎಚ್‌ಪಿ ಲೆಕ್ಕದಲ್ಲಿ ನಾಲ್ಕೂವರೆ. "ಹಂಗಾದ್ರ ನನ್ನ 5 ಎಚ್‌ಪಿ ಮೋಟರಿಗೆ ಸ್ವಲ್ಪ ಕಡಿಮಿ" ಎಂದು ಕಾಕಾ ತಲೆಯಾಡಿಸಿದರು.

ಕಿಲೋವ್ಯಾಟ್ ಅಂದರೆ ಇದೇ: ಈ ಕ್ಷಣ ಕರೆಂಟು ಎಷ್ಟು ಜೋರಾಗಿ ಹರಿಯುತ್ತಿದೆ ಎಂಬುದು. ಹಾಗೆ ಹರಿದು ಒಟ್ಟು ಎಷ್ಟಾಯಿತು ಎಂಬುದು ಯೂನಿಟ್. ನಳ ಬಂದ ದಿನ ನೀರಿನ ಜೋರು ನೋಡುತ್ತೇವೆ, ಆಮೇಲೆ ಎಷ್ಟು ಕೊಡ ತುಂಬಿದವು ಎಂದು ಎಣಿಸುತ್ತೇವೆ. ಎರಡೂ ಒಂದೇ ಅಲ್ಲ. 1 ಕಿಲೋವ್ಯಾಟ್ ಲೋಡು 1 ಗಂಟೆ ನಡೆದರೆ 1 ಯೂನಿಟ್. ಅದರ ಪೂರ್ತಿ ಹೆಸರು ಕಿಲೋವ್ಯಾಟ್ ಅವರ್. ಬಾಯಿಮಾತಿನಲ್ಲಿ ಬಾಲದ 'ಅವರ್' ಬಿಟ್ಟುಹೋಗಿ "24 ಕಿಲೋವ್ಯಾಟ್ ಬ್ಯಾಟರಿ" ಆಗಿಬಿಡುತ್ತದೆ. ಗೊಂದಲ ಶುರುವಾಗುವುದೇ ಅಲ್ಲಿ. ಟಾಟಾದ ಎಲೆಕ್ಟ್ರಿಕ್ ಕಾರು ಟಿಯಾಗೊ ಇವಿಯ ದೊಡ್ಡ ಬ್ಯಾಟರಿ 24 ಕಿಲೋವ್ಯಾಟ್ ಅವರ್, ಅಂದರೆ 24 ಯೂನಿಟ್ ಹಿಡಿಯುವ ಟಾಕಿ. 3.3ರಿಂದ ಭಾಗಿಸಿದರೆ ತುಂಬಲು ಏಳು ಗಂಟೆಯ ಮೇಲೆ. ಸ್ವಲ್ಪ ಕರೆಂಟು ಬಿಸಿಯಾಗಿ ಸೋರುವುದರಿಂದ ಎಂಟು ಗಂಟೆ ದಾಟುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸಬೇಕು. ಗೋಡೆಯ ಮೇಲಿನ ಡಬ್ಬಿಯನ್ನು ಎಲ್ಲರೂ ಚಾರ್ಜರ್ ಅನ್ನುತ್ತೇವೆ. ನಿಜವಾದ ಚಾರ್ಜರ್ ಕಾರಿನ ಹೊಟ್ಟೆಯಲ್ಲಿದೆ. ಮನೆಗೆ ಬರುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತ ಹರಿಯುವ ಕರೆಂಟು; ಬ್ಯಾಟರಿಗೆ ಬೇಕಾದದ್ದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಬದಲಿಸಿ ಕೊಡುವ ಯಂತ್ರ ಆನ್‌ಬೋರ್ಡ್ ಚಾರ್ಜರ್. ಅದರ ತಾಕತ್ತು 3.3 ಇದ್ದರೆ, ಗೋಡೆಗೆ 7.2 ಕಿಲೋವ್ಯಾಟಿನ ಡಬ್ಬಿ ಹಾಕಿಸಿದರೂ ಕಾರು ತಗೊಳ್ಳುವುದು 3.3 ಮಾತ್ರ. ಡಬ್ಬಿಗೆ ದುಡ್ಡು ಕೊಡುವ ಮುಂಚೆ ಕಾರಿನ ಪುಸ್ತಕದಲ್ಲಿ ಈ ಒಂದು ಅಂಕಿ ನೋಡಿಕೊಳ್ಳಿ.

ರಸ್ತೆ ಬದಿಯ ಫಾಸ್ಟ್ ಚಾರ್ಜರ್ ಹೊರಗೇ ಡಿಸಿ ಮಾಡಿ ನೇರ ಬ್ಯಾಟರಿಗೆ ಕೊಡುತ್ತದೆ. ಹರಿಯುವ ಕರೆಂಟು ಜಾಸ್ತಿ, ಅದಕ್ಕೇ ಅಷ್ಟು ದಪ್ಪ ಕೇಬಲ್ಲು. ಆದರೆ ಯಂತ್ರದ ಮೇಲೆ 60 ಕಿಲೋವ್ಯಾಟ್ ಎಂದು ಬರೆದಿದ್ದರೆ 60 ಸಿಕ್ಕೇ ಸಿಗುತ್ತದೆ ಎಂದಲ್ಲ. ಪಕ್ಕದ ಗನ್ನಿಗೂ (ಕಾರಿಗೆ ಚುಚ್ಚುವ ಕೇಬಲ್ಲಿನ ಹಿಡಿಕೆ) ಒಂದು ಕಾರು ಹಚ್ಚಿದ್ದರೆ ಎಷ್ಟೋ ಯಂತ್ರಗಳಲ್ಲಿ ಹಂಚಿಕೆಯಾಗುತ್ತದೆ. ನಿಮ್ಮ ಕಾರಿನ ಮಿತಿ 25 ಇದ್ದರೆ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಹೈವೇ ಓಡಿಸಿಕೊಂಡು ಬಂದ ಕೂಡಲೇ ಹಚ್ಚಿದರೆ, ಬ್ಯಾಟರಿ ಕಾದಿದೆ ಎಂದು ಕಾರೇ ವೇಗ ಇಳಿಸಬಹುದು. 80 ಪರ್ಸೆಂಟ್ ದಾಟಿದ ಮೇಲಂತೂ ಹನಿ ಹನಿ. ಬೀದರಿಗೆ ಹೋಗುವವರು 80ಕ್ಕೇ ಗನ್ ಕಿತ್ತು ಹೊರಡುವುದು ಒಳ್ಳೆಯದು, ಹಿಂದೆ ಕಾಯುವವರಿಗೂ ಉಪಕಾರ.

ಯೂನಿಟ್ ನಮ್ಮ ಕಿಸೆಗೆ ತಾಗುವ ಪದ. ಸಣ್ಣ ಕಾರು 1 ಯೂನಿಟ್ಟಿಗೆ ಸುಮಾರು 7 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 1000 ಕಿ.ಮೀ. ಓಡಿಸಿದರೆ 140 ಯೂನಿಟ್ ಮೇಲೆ. 2023ರ ಆಗಸ್ಟ್ 5ರಂದು ಮನೆಗೆ ಉಚಿತ ಕರೆಂಟು ಕೊಡುವ ಗೃಹಜ್ಯೋತಿ ಯೋಜನೆಗೆ ಚಾಲನೆ ಕೊಟ್ಟದ್ದು ನಮ್ಮ ಕಲಬುರಗಿಯಲ್ಲೇ. ತಿಂಗಳ ಬಳಕೆ 200 ಯೂನಿಟ್ ದಾಟಿತೆಂದರೆ ಪೂರ್ತಿ ಬಿಲ್ಲು ನಮ್ಮದೇ. ಫ್ಯಾನು, ಕೂಲರ್, ಫ್ರಿಜ್ಜಿನ ಮೇಲೆ ಕಾರೂ ಸೇರಿದರೆ ದಾಟದೆ ಇರುವುದು ಕಷ್ಟ. ಕಾರು ಕೊಳ್ಳುವ ಮುಂಚೆಯೇ ನಮ್ಮ ಕಡೆ ಕರೆಂಟು ಕೊಡುವ ಕಂಪನಿ ಜೆಸ್ಕಾಂನ ಕಚೇರಿಗೆ ಹೋಗಿ ಮಂಜೂರಾದ ಲೋಡು ಸಾಲುತ್ತದೆಯೇ, ಇವಿಗೆ ಬೇರೆ ಮೀಟರ್ ಸಿಗುತ್ತದೆಯೇ ಎಂದು ವಿಚಾರಿಸಿ. ಇವಿ ಚಾರ್ಜಿಂಗಿಗೆ ರಾಜ್ಯದಲ್ಲಿ ಪ್ರತ್ಯೇಕ ದರದ ವರ್ಗವೇ ಇದೆ.

ಗೀಸರ್ ಕೂಡ 2-3 ಕಿಲೋವ್ಯಾಟ್ ಎಳೆಯುತ್ತದೆ, ಆದರೆ ಕಾಲು ಗಂಟೆ. ಕಾರು ಅಷ್ಟನ್ನೇ ಇಡೀ ರಾತ್ರಿ ಎಳೆಯುತ್ತದೆ. ಹಳೇ ವೈರಿಂಗ್, ಸಡಿಲ ಸಾಕೆಟ್ ಇದ್ದರೆ ಪ್ಲಗ್ಗು ಕಾದು ಕಪ್ಪಾಗುತ್ತದೆ. ನಮ್ಮಲ್ಲಿ ಆದದ್ದು ಬೇರೆ: ಏಪ್ರಿಲ್‌ನಲ್ಲಿ ಒಂದು ರಾತ್ರಿ ಕೇಬಲ್ಲಿನ ಡಬ್ಬಿಯಲ್ಲಿ ಕೆಂಪು ದೀಪ ಹತ್ತಿ ಚಾರ್ಜೇ ಶುರುವಾಗಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಪರೀಕ್ಷಿಸಿ, ಅರ್ಥಿಂಗ್ ಸಿಗ್ತಿಲ್ಲ ಎಂದ. ಕರಿ ಮಣ್ಣು ಒಣಗಿ ಬಿರುಕು ಬಿಟ್ಟು ಅರ್ಥಿಂಗ್ ಪೈಪಿನಿಂದ ದೂರ ಸರಿದಿತ್ತು. ಅದಕ್ಕೇ ಕಾಕಾ ಬಂದ ಸಂಜೆಯೂ ನಾನು ಶಹಾಬಾದ್ ಪರಸಿ ಕಲ್ಲು ಎತ್ತಿ ಅರ್ಥಿಂಗ್ ಗುಂಡಿಗೆ ನೀರು ಹಾಕುತ್ತಿದ್ದೆ. ಕಾಕಾ ಕೊಡ ಇಸಿದುಕೊಂಡು, "ನಾನೂ ಮೋಟರಿಗೆ ಇದನ್ನೇ ಮಾಡ್ತೀನಿ, ಇನ್ನೊಂದು ಕೊಡ ತಾ" ಎಂದರು.