ಮೃಗಾಲಯದ ಸಂರಕ್ಷಣೆ: ಇಪ್ಪತ್ತು ಪ್ರಾಣಿಗಳು ನಾಲ್ಕಾಗುವ ಲೆಕ್ಕ

ಮೃಗಾಲಯಕ್ಕೆ ಸಂರಕ್ಷಣೆ, ಶಿಕ್ಷಣ, ಮನರಂಜನೆ ಎಂಬ ಮೂರು ಉದ್ದೇಶಗಳನ್ನು ಹೇಳುವುದು ವಾಡಿಕೆ. ಇತಿಹಾಸದಲ್ಲಿ ಮೊದಲು ಬಂದದ್ದು ಮನರಂಜನೆ: 1892ರಲ್ಲಿ ಚಾಮರಾಜೇಂದ್ರ ಒಡೆಯರು ಸ್ಥಾಪಿಸಿದ ಮೈಸೂರು ಮೃಗಾಲಯವು ಅರಮನೆಯ ಪ್ರಾಣಿಸಂಗ್ರಹವಾಗಿಯೇ ಆರಂಭವಾಯಿತು. ಕೇಂದ್ರ ಮೃಗಾಲಯ ಪ್ರಾಧಿಕಾರ 1992ರಲ್ಲಿ ರಚನೆಯಾಯಿತು. 1998ರ ರಾಷ್ಟ್ರೀಯ ಮೃಗಾಲಯ ನೀತಿಯು ಸಂರಕ್ಷಣೆಗೆ ಅಗ್ರಸ್ಥಾನ ಕೊಟ್ಟಿತು.

ಮರಿಗಳು ಹೆಚ್ಚಿದರೆ ಸಂರಕ್ಷಣೆ ಆದಂತೆ ಎಂದು ತೋರುತ್ತದೆ. ಗೊಂದಲ ಹುಟ್ಟುವುದು ಇಲ್ಲಿಯೇ. ಎಣಿಕೆಗೆ ಸಿಗುವ ಪ್ರಾಣಿಗಳ ಸಂಖ್ಯೆ ಒಂದು, ಮುಂದಿನ ತಲೆಮಾರಿಗೆ ವಂಶವಾಹಿಗಳ ವೈವಿಧ್ಯ ಎಷ್ಟು ಉಳಿಯುತ್ತದೆ ಎಂಬುದನ್ನು ಸೂಚಿಸುವ ‘ಪರಿಣಾಮಕಾರಿ ಸಂಖ್ಯೆ’ ಇನ್ನೊಂದು. ಎರಡನೆಯದನ್ನು ಪಡೆಯಲು ಮರಿ ಹಾಕಿಸುವ ಗಂಡು, ಹೆಣ್ಣುಗಳ ಸಂಖ್ಯೆಗಳನ್ನು ಪರಸ್ಪರ ಗುಣಿಸಿ, ಬಂದುದನ್ನು 4ರಿಂದ ಗುಣಿಸಿ, ಆ ಗಂಡು, ಹೆಣ್ಣುಗಳ ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. 10 ಗಂಡು, 10 ಹೆಣ್ಣುಗಳಿದ್ದರೆ 400 ÷ 20, ಅಂದರೆ 20. ಅದೇ 1 ಗಂಡು, 19 ಹೆಣ್ಣುಗಳಿದ್ದರೆ 76 ÷ 20, ಅಂದರೆ 3.8. ಆವರಣದಲ್ಲಿ ಕಾಣುವುದು ಇಪ್ಪತ್ತೇ. ಆದರೆ ಪ್ರತಿ ಮರಿಯ ಅರ್ಧ ವಂಶವಾಹಿಗಳು ತಂದೆಯಿಂದ ಬರುವುದರಿಂದ ಮುಂದಿನ ತಲೆಮಾರಿನ ಅರ್ಧ ಭಾಗ ಆ ಒಂದೇ ಗಂಡಿನದಾಗುತ್ತದೆ, ಮರಿಗಳೆಲ್ಲ ಒಂದೇ ತಂದೆಯ ಮಕ್ಕಳಾಗುತ್ತವೆ, ಅವುಗಳೊಳಗೇ ಕೂಡಿಕೆಯಾದರೆ ಅಡಗಿದ ದೋಷಗಳು ಹೊರಬರುತ್ತವೆ. ಗಂಡು ಒಂದೇ ಇದ್ದರೆ ಹೆಣ್ಣುಗಳನ್ನು ಎಷ್ಟೇ ಸೇರಿಸಿದರೂ ಪರಿಣಾಮಕಾರಿ ಸಂಖ್ಯೆ 4ನ್ನು ಮುಟ್ಟದು. ಇದೊಂದನ್ನು ನೆನಪಿಟ್ಟರೆ ಸೂತ್ರ ಮರೆತರೂ ನಡೆಯುತ್ತದೆ. ಮೃಗಾಲಯಗಳು ಪ್ರಾಣಿಗಳ ವಂಶಾವಳಿಯನ್ನು ದಾಖಲಿಸಿ, ಪರಸ್ಪರ ವಿನಿಮಯ ಮಾಡಿಕೊಳ್ಳುವುದಕ್ಕೆ ಹೊಸತನದ ಪ್ರದರ್ಶನಕ್ಕಿಂತ ದೊಡ್ಡ ಕಾರಣ ಇದು.

ಬಿಳಿ ಹುಲಿ ಇದಕ್ಕೆ ತಕ್ಕ ಉದಾಹರಣೆ. 1951ರಲ್ಲಿ ಹಿಂದಿನ ರೇವಾ ಸಂಸ್ಥಾನದ (ಈಗಿನ ಮಧ್ಯಪ್ರದೇಶ) ಕಾಡಿನಲ್ಲಿ ಸೆರೆಸಿಕ್ಕ ಮೋಹನ್ ಎಂಬ ಗಂಡುಮರಿ ದೊಡ್ಡದಾದ ಮೇಲೆ ಸಾಮಾನ್ಯ ಬಣ್ಣದ ಹೆಣ್ಣಿನೊಡನೆ ಕೂಡಿದಾಗ ಬಿಳಿ ಮರಿಗಳು ಹುಟ್ಟಲಿಲ್ಲ. ತನ್ನ ಮಗಳಾದ ರಾಧಾಳೊಡನೆ ಕೂಡಿದಾಗ, 1958ರಲ್ಲಿ, ಹುಟ್ಟಿದವು. ಬಣ್ಣ ಉಳಿಸಲು ರಕ್ತಸಂಬಂಧಿಗಳನ್ನೇ ಕೂಡಿಸುತ್ತ ಹೋದ ಆ ಸಂತತಿಯಲ್ಲಿ ಮೆಳ್ಳಗಣ್ಣಿನಂಥ ತೊಂದರೆಗಳು ಕಾಣಿಸಿಕೊಂಡಿವೆ. ಬಿಳಿ ಹುಲಿ ಪ್ರತ್ಯೇಕ ಉಪಪ್ರಭೇದವಲ್ಲ, ವರ್ಣವ್ಯತ್ಯಾಸ ಮಾತ್ರ.

ಶಿಕ್ಷಣದ ಪಾತ್ರವನ್ನು ನಾನು ಇಲ್ಲಿಂದಲೇ ವಿವರಿಸುತ್ತೇನೆ. ಜನ ಹೆಚ್ಚು ಹೊತ್ತು ನಿಲ್ಲುವ ಆವರಣದ ಮುಂದಿನ ಫಲಕದಲ್ಲಿ ಈ ವಂಶಕಥೆ ಇದ್ದರೆ ಮನರಂಜನೆಗೆ ಬಂದವರಿಗೂ ವಿಷಯ ತಲುಪುತ್ತದೆ. ‘ಅಪರೂಪದ ಪ್ರಾಣಿ’ ಎಂದಷ್ಟೇ ಬರೆದರೆ ತಪ್ಪು ಪಾಠ ಕಲಿಸಿದಂತಾಗುತ್ತದೆ. ಇನ್ನು ಮನರಂಜನೆಯನ್ನು ಕೀಳಾಗಿ ಕಾಣಬೇಕಿಲ್ಲ: ಮೈಸೂರಿನಲ್ಲಿ ಪ್ರಾಣಿಗಳ ಆಹಾರ, ಆರೈಕೆಗಳಿಗೆ ಪ್ರವೇಶ ಶುಲ್ಕವೂ ಪ್ರಾಣಿಗಳ ದತ್ತು ಯೋಜನೆಯೂ ನೆರವಾಗುತ್ತವೆ.